ಮನೆಗೆ ಕಳ್ಳ ನುಗ್ಗಿದ್ರೆ ಕಂಪ್ಲೇಂಟ್‌ನಲ್ಲಿ ಏನೇನ್ ಬರೀಬೇಕು

ನಮ್ಮ ಮಂಡ್ಯ ಕಡೆ ಮನೆಗೆ ಬೀಗ ಹಾಕಿ ಮದ್ವೆಗೋ ಹಬ್ಬಕ್ಕೋ ಹೋಗಿ ಬರೋಷ್ಟ್ರಲ್ಲಿ ಬೀರು ಖಾಲಿ ಆಗಿದ್ರೆ ಜನ ಸ್ಟೇಷನ್ನಿಗೆ ಓಡಿ ಬರೆಯೋದು ಒಂದೇ ತರ, ಕಳ್ಳತನ ಆಗಿದೆ ಸಾರ್, ಇಷ್ಟು ಗ್ರಾಂ ಚಿನ್ನ ಹೋಗಿದೆ ಅಂತ. ಚಿನ್ನದ ಲೆಕ್ಕ ಬೇಕು, ಇಲ್ಲ ಅಂತಲ್ಲ. ಆದ್ರೆ ಬರೀ ಕಳ್ಳತನಾನ ಇಲ್ಲ ಮನೆ ಒಡೆದು ಮಾಡಿದ ಕಳ್ಳತನಾನ ಅಂತ ತೀರ್ಮಾನ ಆಗೋದು ಅವ್ನು ಹೆಂಗೆ ಬಂದ, ಯಾವಾಗ ಬಂದ, ಯಾಕೆ ಬಂದ ಅನ್ನೋದ್ರ ಮೇಲೆ.

ಹೆಂಗೆ ಬಂದ ಅನ್ನೋದೇ ಜೀವಾಳ. ಐಪಿಸಿ ಬದಲಿಗೆ ಈಗ ಇರೋ ಅಪರಾಧ ಕಾನೂನು ಭಾರತೀಯ ನ್ಯಾಯ ಸಂಹಿತೆ, ಅದ್ರ 330ನೇ ಸೆಕ್ಷನ್ನು ಮನೆ ಒಡೆಯೋದಕ್ಕೆ 6 ದಾರಿ ಹೇಳುತ್ತೆ. ಬೀಗ ಒಡೆದ್ರೆ ಮಾತ್ರ ಅಂತ ಎಷ್ಟೋ ಜನ ಅನ್ಕೊಂಡಿದ್ದಾರೆ, ಹಂಗಲ್ಲ, ಗೋಡೆಗೆ ಕನ್ನ ಕೊರೆದ್ರೂ ಅಷ್ಟೇ, ಕಿಟಕಿಯಿಂದ ತೂರಿದ್ರೂ ಅಷ್ಟೇ, ಗೋಡೆ ಹತ್ತಿ ಹೆಂಚು ತೆಗೆದು ಇಳಿದ್ರೂ, ತೂತಲ್ಲಿ ತಂತಿ ಬಿಟ್ಟು ಚಿಲಕ ಎತ್ತಿದ್ರೂ, ಬಾಗ್ಲಲ್ಲಿ ನಿಂತಿರೋರನ್ನ ಹೊಡೆದು ಹೆದರಿಸಿ ನುಗ್ಗಿದ್ರೂ ಅದೇ. ನೀವು ಕಳ್ಕೊಂಡ ಕೀ ಸಿಕ್ಕಿದವನು ಅದೇ ಕೀಲಿ ಬಾಗ್ಲು ತೆಗೆದು ಬಂದ್ರೂ ಮನೆ ಒಡೆದಂಗೇ ಲೆಕ್ಕ, ಬೀಗಕ್ಕೆ ಒಂದು ಗೀರೂ ಬಿದ್ದಿರಲ್ಲ ಆದ್ರೂನು! ಪೂರ್ತಿ ಆಳು ಒಳಗೆ ಬರಬೇಕಂತಾನೂ ಇಲ್ಲ, ಕೈ ಒಂದು ಒಳಗೆ ತೂರಿಸಿದ್ರೂ ಸಾಕು. ಅದಕ್ಕೇ ಯಾವ ಬಾಗ್ಲು, ಚಿಲಕ ಹಾಕಿತ್ತಾ, ಕೊನೇಲಿ ಬೀಗ ಹಾಕಿದ್ದು ಯಾರು, ಕೀ ಯಾರ್ಯಾರ ಹತ್ರ ಇತ್ತು, ಎಲ್ಲಾ ಬರೀರಿ. ಪೊಲೀಸ್ ಬರೋ ತನಕ ಏನೂ ಮುಟ್ಬೇಡಿ, ಅಮ್ಮಂದಿರು ಮೊದ್ಲು ಮಾಡೋದೇ ಗುಡಿಸೋದು, ತಡೀರಿ.

ಬಾಗ್ಲು ತೆಗೆದೇ ಇತ್ತು, ಸುಮ್ನೆ ನಡ್ಕೊಂಡು ಬಂದು ಮೊಬೈಲ್ ಎತ್ಕೊಂಡು ಹೋದ ಅಂದ್ರೆ ಅದು ಅತಿಕ್ರಮ ಪ್ರವೇಶ, ಜೊತೆಗೆ ಮನೆಯೊಳಗಿನ ಕಳ್ಳತನ, 305ನೇ ಸೆಕ್ಷನ್ನು, 7 ವರ್ಷದ ತನಕ. ಕೆಲಸದವರು ನೀವೇ ಒಳಗೆ ಬಿಟ್ಕೊಂಡಾಗ ಕದ್ರೆ ಮನೆ ಒಡೆದ ಸೆಕ್ಷನ್ ಹತ್ತೋದು ಕಷ್ಟ, ಸುಳ್ಳು ಸೇರಿಸಿ ಬೀಗ ಮುರಿದಿತ್ತು ಅಂತ ಬರೆಸೋಕೆ ಹೋಗ್ಬೇಡಿ, ಕೋರ್ಟಲ್ಲಿ ನಿಮ್ಮ ಕೇಸೇ ಬಿದ್ದೋಗುತ್ತೆ.

ಇನ್ನು ಮನೆ ಅಂದ್ರೆ ನಾವು ಮಲಗೋ ಮನೆ ಒಂದೇ ಅಲ್ಲ. ದೇವಸ್ಥಾನ ಬರುತ್ತೆ, ಸಾಮಾನು ಇಡೋ ಕಟ್ಟಡಾನೂ ಬರುತ್ತೆ, ಆಲೆಮನೇಲಿ ಬೆಲ್ಲ ಇಟ್ಟಿರೋ ಕೋಣೆ ಬೀಗ ಮುರಿದ್ರೂ ಇದೇ ಸೆಕ್ಷನ್ನು. ಬಯಲಲ್ಲಿ ಬಿದ್ದಿರೋ ಪಂಪ್‌ಸೆಟ್ ಕೇಬಲ್ ಕದ್ರೆ ಮಾತ್ರ ಬರೀ ಕಳ್ಳತನ, 303.

ಟೈಮ್ ಯಾಕೆ ಅಂದ್ರೆ ಸೂರ್ಯ ಮುಳುಗಿದ ಮೇಲೆ, ಹುಟ್ಟೋಕೆ ಮುಂಚೆ ಆದ್ರೆ ಶಿಕ್ಷೆ ಜಾಸ್ತಿ. ಕದಿಯೋಕೆ ಅಂತ ಹಗಲು ಮನೆ ಒಡೆದ್ರೆ 331ರಲ್ಲಿ 10 ವರ್ಷದ ತನಕ, ಕತ್ತಲಲ್ಲಾದ್ರೆ 14 ವರ್ಷದ ತನಕ. ರಾತ್ರಿ ಅಂದ್ರೆ ಹನ್ನೆರಡು ಗಂಟೇನೇ ಆಗ್ಬೇಕಿಲ್ಲ, ಸಂಜೆ ಏಳೂವರೆ ಕತ್ತಲೂ ಸಾಕು. ನೀವು ಮನೆ ಬಿಟ್ಟಿದ್ದು ಎಷ್ಟೊತ್ತಿಗೆ, ವಾಪಸ್ ಬಂದಿದ್ದು ಎಷ್ಟೊತ್ತಿಗೆ, ಪಕ್ಕದ ಮನೆಯವರು ಸದ್ದು ಕೇಳಿದ್ರಾ, ಸಿಸಿಟಿವಿ ಇದ್ಯಾ, ಹಾಕಿ.

ಏನೂ ಹೋಗಿಲ್ಲ ಬಿಡಿ ಅಂತ ಸುಮ್ನಾಗೋರೂ ಇದ್ದಾರೆ. ಕದಿಯೋ ಉದ್ದೇಶದಿಂದ ಒಳಗೆ ಬಂದಿದ್ರೆ ಬರಿಗೈಲಿ ಓಡಿಹೋದ್ರೂ ಅಪರಾಧ ಆಗೋಯ್ತು. ಬೀರು ಕೆದಕಿದ್ದು, ಬಟ್ಟೆ ಎಸೆದಿದ್ದು, ಬಿಟ್ಟುಹೋದ ರಾಡು, ಇವೇ ಉದ್ದೇಶ ತೋರ್ಸೋದು, ಹಾಗಾಗಿ ಇದ್ದಿದ್ದು ಇದ್ದಂಗೆ ಬರೀರಿ.

2024 ಜುಲೈ 1ಕ್ಕೆ ಮುಂಚೆ ನಡೆದಿದ್ರೆ ಹಳೇ ಐಪಿಸಿ, ಹಗಲು ಮನೆ ಒಡೆದಿದ್ರೆ 454, ರಾತ್ರಿ ಆದ್ರೆ 457, ಮನೆಯೊಳಗಿನ ಕಳ್ಳತನಕ್ಕೆ 380. ಎಫ್‌ಐಆರ್ ಕಾಪಿ ದೂರು ಕೊಟ್ಟೋರಿಗೆ ಫ್ರೀ, ಕೇಳಿ ಇಸ್ಕೊಳ್ಳಿ, ಸೆಕ್ಷನ್ ಯಾವ್ದು ಹಾಕಿದ್ದಾರೆ ನೋಡಿ. ಎಫ್‌ಐಆರ್ ಮಾಡೋದೇ ಇಲ್ಲ ಅಂದ್ರೆ ದೂರನ್ನ ಎಸ್‌ಪಿಗೆ ಪೋಸ್ಟಲ್ಲಿ ಕಳಿಸ್ಬಹುದು, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ.