ಒಂದು ಪೆನ್ಸಿಲ್, 162 ಮ್ಯಾಚ್

2022ರ ಏಪ್ರಿಲ್ 15. ಸಿಯಾಟಲ್‌ನ ಟಿ-ಮೊಬೈಲ್ ಪಾರ್ಕ್‌ನಲ್ಲಿ ಮ್ಯಾರಿನರ್ಸ್ ಬೇಸ್‌ಬಾಲ್ ತಂಡಕ್ಕೆ ಆ ವರ್ಷದ ಮೊದಲ ತವರು ಮ್ಯಾಚ್. ಹೊಸ ಸ್ಕೋರ್ ಪುಸ್ತಕ, ಚೂಪು ಮಾಡಿದ ಎರಡು ಪೆನ್ಸಿಲ್ ಇಟ್ಟುಕೊಂಡು ನಾನು ಮೇಲಿನ ಅಂತಸ್ತಿನಲ್ಲಿ ಕೂತಿದ್ದೆ. ಆಟಗಾರರು ಮೈದಾನಕ್ಕೆ ಇಳಿದರು. ನೋಡಿದರೆ ಎಲ್ಲರ ಬೆನ್ನ ಮೇಲೂ ಒಂದೇ ನಂಬರ್: 42.

ನನಗೆ ದಿಕ್ಕೇ ತೋಚಲಿಲ್ಲ. ಮುಖ ಇನ್ನೂ ಪರಿಚಯವಿಲ್ಲ, ನಂಬರ್ ನೋಡಿ ಬರೆಯೋಣ ಅಂದರೆ ಎಲ್ಲರೂ 42. ಪಕ್ಕದ ಸೀಟಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಅವರ ತೊಡೆಯ ಮೇಲೂ ಒಂದು ಸ್ಕೋರ್ ಪುಸ್ತಕ. 1947ರಲ್ಲಿ ಇದೇ ದಿನ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕೆ ಇಳಿದರು, ಹತ್ತಾರು ವರ್ಷ ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ ಲೀಗಿನ ಬಾಗಿಲು ಅವತ್ತು ತೆರೆಯಿತು, ಅವರ ನಂಬರ್ 42, ಅದಕ್ಕೇ ಇವತ್ತು ಎಲ್ಲರೂ ಅದನ್ನೇ ಹಾಕುತ್ತಾರೆ ಅಂತ ಅವರೇ ಹೇಳಿದರು. ಆಮೇಲೆ ನನ್ನ ಖಾಲಿ ಹಾಳೆ ನೋಡಿ, "ಬೆನ್ನು ನೋಡಬೇಡ, ನಿಂತಿರುವ ಜಾಗ ನೋಡು" ಅಂದರು.

ಆ ಸೀಸನ್ ಪೂರ್ತಿ ನನಗೆ ಉಪಯೋಗಕ್ಕೆ ಬಂದಿದ್ದು ಆ ಮಾತು. ಬೇಸ್‌ಬಾಲ್‌ನಲ್ಲಿ ನಿಂತ ಜಾಗಕ್ಕೇ ನಂಬರ್ ಇದೆ. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಹಿಂದಿನ ಮೂವರು ಎಡದಿಂದ 7, 8, 9. ಚೆಂಡು ಶಾರ್ಟ್‌ಸ್ಟಾಪ್ ಕೈಗೆ ಬಂದು, ಅಲ್ಲಿಂದ ಎರಡನೇ ಬೇಸ್, ಅಲ್ಲಿಂದ ಮೊದಲ ಬೇಸ್‌ಗೆ ಹೋಗಿ ಇಬ್ಬರು ಔಟಾದರೆ 6-4-3 ಅಂತ ಬರೆದರೆ ಆಯ್ತು. ಅಷ್ಟರಲ್ಲೇ ಇಡೀ ಆಟ ಕಣ್ಣಿಗೆ ಕಟ್ಟುತ್ತದೆ. ಅವತ್ತು ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧ ನಮ್ಮವರು 11–1ರಿಂದ ಗೆದ್ದರು. ಮೂರನೇ ಇನ್ನಿಂಗ್ಸ್ ಹೊತ್ತಿಗೆ ನಾನು ಅಜ್ಜಿಯ ಪುಸ್ತಕ ಇಣುಕಿ ನೋಡೋದನ್ನು ಬಿಟ್ಟಿದ್ದೆ.

ಈ ಹುಚ್ಚು ಹತ್ತಿದ್ದು ಅದರ ಹಿಂದಿನ ವರ್ಷ. 2021ರಲ್ಲಿ ಮ್ಯಾರಿನರ್ಸ್ 90 ಮ್ಯಾಚ್ ಗೆದ್ದೂ ಕೊನೆಯ ದಿನ ಪ್ಲೇಆಫ್‌ನಿಂದ ಹೊರಗೆ ಬಿದ್ದರು. 2001ರಲ್ಲಿ ಇದೇ ತಂಡ 116 ಮ್ಯಾಚ್ ಗೆದ್ದು, ಒಂದು ಸೀಸನ್ನಿನ ದಾಖಲೆಯನ್ನು ಸರಿಗಟ್ಟಿತ್ತು. ಅದಾದ ಮೇಲೆ ಇಪ್ಪತ್ತು ಸೀಸನ್, ಒಂದು ಸಲವೂ ಪ್ಲೇಆಫ್ ಇಲ್ಲ. ಅಮೆರಿಕದ ನಾಲ್ಕು ದೊಡ್ಡ ಲೀಗ್‌ಗಳಲ್ಲಿ ಇಷ್ಟು ವರ್ಷದಿಂದ ಕಾಯುತ್ತಿದ್ದ ತಂಡ ಬೇರೊಂದಿರಲಿಲ್ಲ. ಆ ಕೊನೆಯ ದಿನದ ಆಟವನ್ನು ಟಿವಿಯಲ್ಲಿ ನೋಡುತ್ತಾ ಅತ್ತುಬಿಟ್ಟೆ. ಮುಂದಿನ ಸೀಸನ್ ಮೊದಲ ದಿನದಿಂದ ಕೊನೆಯ ದಿನದವರೆಗೂ ಇವರ ಜೊತೆ ಇರಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಆದರೆ ಹೇಗೆ? ನಮಗೆ ಗೊತ್ತಿರೋದು ಐಪಿಎಲ್. ಲೀಗ್ ಹಂತದಲ್ಲಿ 14 ಮ್ಯಾಚ್. ಒಂದೊಂದು ಸೋಲಿಗೂ ಊಟ ಸೇರೋದಿಲ್ಲ. ಇಲ್ಲಿ ಆರು ತಿಂಗಳಲ್ಲಿ 162 ಮ್ಯಾಚ್, ಹೆಚ್ಚುಕಮ್ಮಿ ದಿನಾ. ಒಳ್ಳೆ ತಂಡವೂ 60, 70 ಸಲ ಸೋಲುತ್ತದೆ. ದಿನಾ ಎದೆ ಬಡಿದುಕೊಂಡರೆ ಮೇ ತಿಂಗಳಲ್ಲೇ ಸುಸ್ತು. ಎಲ್ಲವನ್ನೂ ಕೂತು ನೋಡೋಕೂ ಆಗಲ್ಲ. ಮನೆ ಇದೆ, ಕೆಲಸ ಇದೆ, ಮಗಳಿಗೆ ಆಗ ಎಂಟು ವರ್ಷ.

ದಾರಿ ತೋರಿಸಿದ್ದು ಅಪ್ಪ. ಅವರು ಮೈಸೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಗ ಬ್ಯಾಂಕಿನ ಕ್ರಿಕೆಟ್ ತಂಡಕ್ಕೆ ಸ್ಕೋರರ್. ಭಾನುವಾರ ಬೆಳಿಗ್ಗೆ ಉದ್ದನೆ ಪುಸ್ತಕ, ಸ್ಕೇಲು, ಎರಡು ಬಣ್ಣದ ಪೆನ್ನು ಕಂಕುಳಲ್ಲಿಟ್ಟುಕೊಂಡು ಹೊರಡುತ್ತಿದ್ದರು. "ನೋಡಿದ್ದು ಮರೆತು ಹೋಗುತ್ತಮ್ಮಾ, ಬರೆದಿದ್ದು ಹೋಗಲ್ಲ. ಒಂದು ಪುಸ್ತಕ ತಗೋ" ಅಂದರು ಫೋನಿನಲ್ಲಿ. ತಗೊಂಡೆ.

ಕೇಳೋದು ರೇಡಿಯೊದಲ್ಲಿ. ಲೀಗಿನ ಆ್ಯಪ್‌ನಲ್ಲಿ ನಾವಿರುವ ಊರಿನ ತಂಡದ ಆಟವೇ ಬರುತ್ತಿರಲಿಲ್ಲ. ಸ್ಥಳೀಯ ಚಾನೆಲ್‌ಗೆ ಬೇರೆ ದುಡ್ಡು ಕೊಡಬೇಕಿತ್ತು. ಮೊದಮೊದಲು ಬೇಜಾರಾಯಿತು. ಈಗ ಅನಿಸುತ್ತದೆ, ರೇಡಿಯೊ ಇಲ್ಲದಿದ್ದರೆ ನಾನು ಮೇವರೆಗೂ ಬರುತ್ತಿರಲಿಲ್ಲ. ಟಿವಿ ಆದರೆ ಕೂತೇ ನೋಡಬೇಕು. ರೇಡಿಯೊ ಅಡುಗೆಮನೆಗೆ ಬರುತ್ತದೆ. ಕಾಮೆಂಟೇಟರ್ ರಿಕ್ ರಿಜ್ ಅವರ ದನಿ ಒಂದು ಕಡೆ, ಕಾವಲಿ ಮೇಲೆ ಚಪಾತಿ ಇನ್ನೊಂದು ಕಡೆ, ಫ್ರಿಜ್ ಪಕ್ಕದಲ್ಲಿ ಪುಸ್ತಕ. ಒಬ್ಬ ಔಟಾದ ಕೂಡಲೇ ಕೈ ಒರೆಸಿಕೊಂಡು ಒಂದು ಗುರುತು. ನನ್ನ ಏಪ್ರಿಲ್ ಹಾಳೆಗಳ ಮೇಲೆ ಈಗಲೂ ಎಣ್ಣೆ ಕಲೆ ಇದೆ.

ಇಲ್ಲಿ ಸಂಜೆ 7:10ಕ್ಕೆ ಆಟ ಶುರುವಾದರೆ ಮೈಸೂರಿನಲ್ಲಿ ಮರುದಿನ ಬೆಳಿಗ್ಗೆ 7:40. ಅಪ್ಪನ ಎರಡನೇ ಕಾಫಿ ಹೊತ್ತು. ಆಟ ಮುಗಿದ ಮೇಲೆ ಹಾಳೆಯ ಫೋಟೊ ತೆಗೆದು ಅವರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆ. ಒಂದು ವಾರದೊಳಗೆ ಅವರು ಓದೋಕೆ ಕಲಿತರು. ಕ್ರಿಕೆಟ್ ಪುಸ್ತಕದಲ್ಲಿ ಒಂದೊಂದು ಎಸೆತಕ್ಕೆ ಒಂದು ಗುರುತು, ಇಲ್ಲಿ ಒಬ್ಬೊಬ್ಬ ಬ್ಯಾಟರ್‌ಗೆ ಒಂದು ಚೌಕ. ಚೌಕದೊಳಗೆ ಬೇಸ್‌ಗಳ ಪುಟ್ಟ ವಜ್ರಾಕೃತಿ. ರನ್ ಬಂದರೆ ಅದನ್ನು ತುಂಬಿಸಬೇಕು. ಅಷ್ಟೇ ವ್ಯತ್ಯಾಸ ಅಂದರು.

ಅಪ್ಪ ಮೊದಲು ಕೇಳಿದ್ದು ಹೂಲಿಯೊ ರೊಡ್ರಿಗೆಸ್ ಬಗ್ಗೆ. ಡೊಮಿನಿಕನ್ ರಿಪಬ್ಲಿಕ್‌ನ 21 ವರ್ಷದ ಹುಡುಗ, ಅದೇ ಅವನ ಮೊದಲ ಸೀಸನ್. ಬೀಸಿ ತಪ್ಪಿದ ಎಸೆತ, ಹೊಡೆಯಬಹುದಾದ ಜಾಗದಲ್ಲಿ ಬಂದರೂ ಬಿಟ್ಟ ಎಸೆತ, ಎರಡೂ ಸ್ಟ್ರೈಕ್. ಮೂರಾದರೆ ಸ್ಟ್ರೈಕ್‌ಔಟ್. ಬ್ಯಾಟ್ ಬೀಸಿ ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷಿನ ಕೆ ಅಕ್ಷರ ಬರೆಯಬೇಕು. ಬೀಸದೆ ಸುಮ್ನೆ ನಿಂತಾಗ ಅಂಪೈರ್ ಔಟ್ ಕೊಟ್ಟರೆ ಅದೇ ಕೆ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಏಪ್ರಿಲ್‌ನಲ್ಲಿ ಹೂಲಿಯೊ ಸಾಲಿನಲ್ಲಿ ಬರೀ ತಿರುಗಿದ ಕೆ. "ಈ ಹುಡುಗ ಯಾಕಮ್ಮಾ ಬ್ಯಾಟೇ ಬೀಸಲ್ಲ?" ಅಂತ ಅಪ್ಪ. ನಿಜ ಏನಂದರೆ, ಅದರಲ್ಲಿ ಎಷ್ಟೋ ಎಸೆತ ಸ್ಟ್ರೈಕ್ ಜಾಗದಿಂದ ಹೊರಗಿದ್ದವು. ಹುಡುಗನ ಕಣ್ಣು ಸರಿ ಇತ್ತು, ತೀರ್ಪು ಅವನ ಕಡೆಗಿರಲಿಲ್ಲ. ಅವನು ಜಗಳವಾಡಲಿಲ್ಲ, ಅಂಗಲಾಚಲೂ ಇಲ್ಲ. ಮೇ 1ರಂದು ಮಯಾಮಿಯಲ್ಲಿ ಸ್ಯಾಂಡಿ ಅಲ್ಕಾಂಟರಾ ಎಸೆತವನ್ನು ಎತ್ತಿ ಹೊಡೆದ. ಚೆಂಡು ಬೇಲಿ ದಾಟಿತು, ಮೊದಲ ಹೋಮ್ ರನ್. ಸೀಸನ್ ಮುಗಿಯೋ ಹೊತ್ತಿಗೆ 28 ಹೋಮ್ ರನ್, 25 ಬೇಸ್ ಕಳವು (ಪಿಚರ್ ಎಸೆಯೋ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿ ಸೇರೋದು), ಲೀಗಿನ ವರ್ಷದ ಹೊಸ ಆಟಗಾರ ಪ್ರಶಸ್ತಿ. ಆ ತಿರುಗಿದ ಕೆಗಳನ್ನು ಕೈಯಾರೆ ಬರೆದಿದ್ದರಿಂದಲೇ ನನಗೆ ಆ 28ರ ಬೆಲೆ ಗೊತ್ತಾಗಿದ್ದು.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳೋದು ಇದನ್ನೇ. ತಂಡದ 26 ಜನರ ಹಿಂದೆ ಓಡಬೇಡಿ, ಒಬ್ಬನ ಸಾಲು ಹಿಡಿದುಕೊಳ್ಳಿ. ಮತ್ತೆ ಜೂನ್‌ವರೆಗೂ ಅಂಕಪಟ್ಟಿ ನೋಡಬೇಡಿ. ತಪ್ಪಿದ ಆಟವನ್ನು ಪೇಪರ್ ನೋಡಿ ತುಂಬಿಸಬೇಡಿ. ನಾನು ಒಟ್ಟು 131 ಮ್ಯಾಚ್ ಬರೆದೆ. ಉಳಿದ 31 ಹಾಳೆ ಖಾಲಿ, ಮೂಲೆಯಲ್ಲಿ ಕಾರಣ ಮಾತ್ರ. "ಮಗಳಿಗೆ ಜ್ವರ." "ಯುಗಾದಿ ಕಾರ್ಯಕ್ರಮ." "ಆಫೀಸಿನಲ್ಲಿ ತಡ." ಈಗ ತಿರುವಿ ಹಾಕಿದರೆ ಅವೂ ಆ ವರ್ಷದ ಭಾಗ ಅನಿಸುತ್ತದೆ.

ಮೈದಾನಕ್ಕೆ ಹೋಗಿದ್ದು ಹನ್ನೊಂದು ಸಲ. ನಮ್ಮ ಮನೆಯಿರುವ ಬಾಥೆಲ್‌ನಿಂದ ಕಾರಿನಲ್ಲಿ ನಾರ್ತ್‌ಗೇಟ್, ಅಲ್ಲಿಂದ ಲೈಟ್ ರೈಲು, ಸ್ಟೇಡಿಯಂ ಸ್ಟೇಷನ್‌ನಲ್ಲಿ ಇಳಿದು ನಡಿಗೆ. ಮನೆ ಊಟ ಒಳಗೆ ತಗೊಂಡು ಹೋಗಬಹುದು, ಅದೊಂದು ದೊಡ್ಡ ಉಪಕಾರ. ನಮ್ಮದು ಯಾವಾಗಲೂ ಪುಳಿಯೋಗರೆ. ಕಡ್ಲೇಕಾಯಿ ಮಾತ್ರ ಗೇಟಿನ ಹೊರಗೆ ಬೀದಿಯಲ್ಲಿ ಮಾರುವವರ ಹತ್ತಿರ.

ಜೂನ್ ಮೂರನೇ ವಾರಕ್ಕೆ ಲೆಕ್ಕ 29 ಗೆಲುವು, 39 ಸೋಲು. ತವರಿನಲ್ಲೇ ಏಂಜಲ್ಸ್ ತಂಡದ ಕೈಲಿ ಸೋಲಿನ ಮೇಲೆ ಸೋಲು. ಇನ್ನು ಬರೆಯೋದರಲ್ಲಿ ಏನಿದೆ ಅಂತ ಪುಸ್ತಕ ಮುಚ್ಚಿಟ್ಟೆ. ಮರುದಿನ ಫೋಟೊ ಬರಲಿಲ್ಲ ಅಂತ ಅಪ್ಪನ ಫೋನು.

"ಸೋತ ದಿನವೇ ಪುಸ್ತಕ ಜಾಸ್ತಿ ನೀಟಾಗಿ ಬರೀಬೇಕು ಕಣಮ್ಮಾ. ಗಂಗೋತ್ರಿ ನೆನಪಿದೆಯಾ?"

ನೆನಪಿಲ್ಲದೆ ಇರುತ್ತದೆಯೇ! 2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್, ಮುಂಬೈ ವಿರುದ್ಧ ರಣಜಿ ಫೈನಲ್. ಗೆಲ್ಲಲು 338 ಬೇಕಿತ್ತು, ಮನೀಶ್ ಪಾಂಡೆ 144 ಹೊಡೆದರು, ಕರ್ನಾಟಕ 6 ರನ್‌ನಿಂದ ಸೋತಿತು. ಸುತ್ತ ಜನ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅಪ್ಪ ಮಾತ್ರ ಕೊನೆಯ ವಿಕೆಟ್ ಬರೆದು, ಸ್ಕೇಲು ಇಟ್ಟು ಎರಡು ಗೆರೆ ಎಳೆದು, ಒಟ್ಟು ಕೂಡಿಸಿ, ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆ ದಿನ ನಾನು ಅವರ ಪಕ್ಕದಲ್ಲೇ ಇದ್ದೆ.

ಪುಸ್ತಕ ಮತ್ತೆ ತೆರೆದೆ. ಅಲ್ಲಿಂದ ಜುಲೈ ನಡುವಿನ ಆಲ್-ಸ್ಟಾರ್ ಬಿಡುವಿನವರೆಗೆ ನಡೆದ 25 ಮ್ಯಾಚ್‌ಗಳಲ್ಲಿ ನಮ್ಮವರು ಗೆದ್ದಿದ್ದು 22. ಕೊನೆಯ 14 ಸತತವಾಗಿ. ಆ ದಿನಗಳ ಹಾಳೆಗಳನ್ನು ಮಗಳು ಬಣ್ಣದ ಪೆನ್ಸಿಲ್‌ನಿಂದ ಅಲಂಕರಿಸಿದ್ದಾಳೆ.

ನನ್ನ ಕೈಲಿರುವ ಅತ್ಯಂತ ಚಂದದ ಹಾಳೆ ಆಗಸ್ಟ್ 9ರದ್ದು. ಹೊಸದಾಗಿ ಬಂದಿದ್ದ ಲೂಯಿಸ್ ಕಾಸ್ಟಿಯೊ ಎಂಟು ಇನ್ನಿಂಗ್ಸ್ ಎಸೆದರು, ಯಾಂಕೀಸ್‌ನ ಗೆರಿಟ್ ಕೋಲ್ ಏಳು. ಇಬ್ಬರೂ ಒಂದು ರನ್ ಕೊಡಲಿಲ್ಲ. ಹಾಳೆ ತುಂಬಾ ವಜ್ರಾಕೃತಿಗಳು, ಒಂದೂ ತುಂಬಿಲ್ಲ. ಒಂಬತ್ತು ಇನ್ನಿಂಗ್ಸಿನಲ್ಲಿ ಆಟ ಇತ್ಯರ್ಥವಾಗದಿದ್ದರೆ ಹತ್ತನೆಯದರಿಂದ ಎರಡನೇ ಬೇಸ್‌ನಲ್ಲಿ ಒಬ್ಬನನ್ನು ಮೊದಲೇ ನಿಲ್ಲಿಸಿ ಆಡಿಸುತ್ತಾರೆ. ಹಾಗಿದ್ದರೂ ಹದಿಮೂರನೇ ಇನ್ನಿಂಗ್ಸ್‌ವರೆಗೆ ಯಾರಿಗೂ ರನ್ ಬರಲಿಲ್ಲ. ಕೊನೆಗೆ ಲೂಯಿಸ್ ಟೊರೆನ್ಸ್ ಒಂದು ಸಿಂಗಲ್ ಹೊಡೆದರು. 1–0. ಬೇಸ್‌ಬಾಲ್‌ನಲ್ಲಿ ಏನೂ ಆಗಲ್ಲ, ಬೋರ್ ಅನ್ನುವವರಿಗೆ ನಾನು ತೋರಿಸೋದು ಆ ಹಾಳೆಯನ್ನೇ.

ಸೆಪ್ಟೆಂಬರ್ 30, ಶುಕ್ರವಾರ ರಾತ್ರಿ. ಇನ್ನೊಂದು ಗೆಲುವು ಸಿಕ್ಕರೆ ಪ್ಲೇಆಫ್. ಓಕ್ಲೆಂಡ್ ವಿರುದ್ಧ 1–1, ಒಂಬತ್ತನೇ ಇನ್ನಿಂಗ್ಸ್, ಇಬ್ಬರು ಔಟ್. ಮಗಳು ಸೋಫಾದಲ್ಲೇ ನಿದ್ದೆ ಹೋಗಿದ್ದಳು. ಬದಲಿ ಬ್ಯಾಟರ್ ಆಗಿ ಬಂದ ಕ್ಯಾಚರ್ ಕ್ಯಾಲ್ ರಾಲಿ ಹೆಸರು ಬರೆದುಕೊಂಡೆ. ಮೂರು ಬಾಲ್, ಎರಡು ಸ್ಟ್ರೈಕ್. ಚೆಂಡು ಬಲಗಡೆ ಎತ್ತರಕ್ಕೆ ಹೋಯಿತು ಅಂತ ರೇಡಿಯೊ ಕೂಗಿತು, ಆಮೇಲೆ ಜನರ ಸದ್ದಿನಲ್ಲಿ ಯಾವ ಮಾತೂ ಕೇಳಲಿಲ್ಲ. ಹೋಮ್ ರನ್. ಇಪ್ಪತ್ತು ವರ್ಷ ಕಾದಿದ್ದು ಮುಗಿಯಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆ ನೆಲದ ಮೇಲೆ ಕೂತೆ. ಆ ಚೌಕ ಖಾಲಿ ಬಿಟ್ಟೆ. ಬೆಳಿಗ್ಗೆ ಮಗಳನ್ನು ಎಬ್ಬಿಸಿ ಪೆನ್ಸಿಲ್ ಕೊಟ್ಟೆ. ಅವಳು ಕೆಂಪು ಬಣ್ಣ ಹುಡುಕಿ ತಂದು, ಗೆರೆ ದಾಟದ ಹಾಗೆ ನಿಧಾನವಾಗಿ ತುಂಬಿಸಿದಳು.

ಪ್ಲೇಆಫ್‌ನ ಮೊದಲ ಸುತ್ತು. ಟೊರೊಂಟೊದಲ್ಲಿ ಎರಡೂ ಮ್ಯಾಚ್ ಗೆದ್ದರು. ಎರಡನೆಯದರಲ್ಲಿ 8–1 ಹಿಂದಿದ್ದು 10–9ಕ್ಕೆ ಗೆದ್ದಿದ್ದು. ಮುಂದಿನ ಸುತ್ತಿನಲ್ಲಿ ಮೂರು ಸೋತರೆ ಹೊರಗೆ. ಹ್ಯೂಸ್ಟನ್‌ನಲ್ಲಿ ಎರಡೂ ಸೋಲು. ಅಕ್ಟೋಬರ್ 15, ಶನಿವಾರ, ಮೂರನೇ ಮ್ಯಾಚ್ ಸಿಯಾಟಲ್‌ನಲ್ಲಿ. 21 ವರ್ಷದ ಮೇಲೆ ತವರಿನಲ್ಲಿ ಪ್ಲೇಆಫ್. ಹಬ್ಬಕ್ಕೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಟಿಕೆಟ್ ತಗೊಂಡೆವು. 47,690 ಜನ. ಮಧ್ಯಾಹ್ನ ಒಂದು ಗಂಟೆ ದಾಟಿದ ಕೂಡಲೇ ಶುರು. ಅಪ್ಪ ರಾತ್ರಿ ಎಚ್ಚರವಿದ್ದು ಮೊದಲ ಎರಡು ಇನ್ನಿಂಗ್ಸ್ ಕೇಳಿ ಮಲಗಿದರು.

ಒಂಬತ್ತು ಇನ್ನಿಂಗ್ಸ್, ಎರಡೂ ಕಡೆ ಸೊನ್ನೆ. ಪ್ಲೇಆಫ್‌ನಲ್ಲಿ ಎರಡನೇ ಬೇಸ್‌ನಲ್ಲಿ ಯಾರನ್ನೂ ಪುಕ್ಕಟೆ ನಿಲ್ಲಿಸೋದಿಲ್ಲ. ಹಾಗಾಗಿ ಆಟ ಸಾಗುತ್ತಲೇ ಹೋಯಿತು. ನನ್ನ ಹಾಳೆಯಲ್ಲಿ ಹನ್ನೆರಡೇ ಕಾಲಂ. ಹದಿಮೂರಕ್ಕೆ ಹೊಸ ಹಾಳೆ ತೆಗೆದೆ. ಸುತ್ತಲಿನವರು ಅದೃಷ್ಟ ಬರಲಿ ಅಂತ ಶೂ ಬಿಚ್ಚಿ ತಲೆ ಮೇಲೆ ಇಟ್ಟುಕೊಂಡಿದ್ದರು, ನನ್ನ ಮಗಳೂ ಇಟ್ಟುಕೊಂಡಳು. ಪುಳಿಯೋಗರೆ ಯಾವಾಗಲೋ ಖಾಲಿ. ಸಂಜೆ ಏಳರ ಹೊತ್ತಿಗೆ ಅಪ್ಪನ ಫೋನು. ಅಲ್ಲಿ ಬೆಳಗಾಗಿತ್ತು.

"ಏನಮ್ಮಾ, ಎಷ್ಟಕ್ಕೆ ಮುಗೀತು?"

"ಇನ್ನೂ ಮುಗಿದಿಲ್ಲಪ್ಪಾ. ಇನ್ನೂ ಸೊನ್ನೆ-ಸೊನ್ನೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಫೋನ್ ಇಡಬೇಡ, ಹಾಗೇ ಇರಲಿ" ಅಂದರು. ಹದಿನೆಂಟನೇ ಇನ್ನಿಂಗ್ಸಿನಲ್ಲಿ ಹ್ಯೂಸ್ಟನ್‌ನ ಹೆರೆಮಿ ಪೆನ್ಯಾ ಹೊಡೆದ ಚೆಂಡು ಬೇಲಿ ದಾಟಿತು. ನಾನು ಅಪ್ಪನಿಗೆ ಏನೂ ಹೇಳಲಿಲ್ಲ. ಸದ್ದು ನಿಂತಿದ್ದರಿಂದಲೇ ಅವರಿಗೆ ಗೊತ್ತಾಯಿತು. 1–0. ಆರು ಗಂಟೆ 22 ನಿಮಿಷದ ಆಟ. ಸೀಸನ್ ಅಲ್ಲಿಗೆ ಮುಗಿಯಿತು. ನಮ್ಮ ಸಾಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಕೊನೆಯ ಔಟ್ ಬರೆದೆ, ಎರಡು ಗೆರೆ ಎಳೆದೆ, ಕೂಡಿಸಿದೆ. ಆಮೇಲೆ ಅತ್ತೆ.

ರೈಲಿನಲ್ಲಿ ಕೂತು ಎರಡೂ ಹಾಳೆಗಳ ಫೋಟೊ ಕಳಿಸಿದೆ. ನಾರ್ತ್‌ಗೇಟ್ ತಲುಪುವಷ್ಟರಲ್ಲಿ ಅಪ್ಪನ ಉತ್ತರ ಬಂದಿತ್ತು. ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ದೊಡ್ಡದು ಮಾಡಿ, ಒಂದೊಂದೇ ಕಾಲಂ ಎಣಿಸಿದ್ದರು.

"ಹದಿಮೂರನೇ ಇನ್ನಿಂಗ್ಸ್, ನಮ್ಮ ಕಡೆಯದು. ಎರಡೇ ಔಟ್ ಬರೆದಿದ್ದೀಯ. ಹಾಳೆ ಬದಲಾಯಿಸುವಾಗ ಒಂದು ಬಿಟ್ಟು ಹೋಗಿದೆ. ಮನೆಗೆ ಹೋಗಿ ನೋಡಿ ಸರಿ ಮಾಡು, ಆಮೇಲೆ ಮಲಕ್ಕೋ."