ಬಸುರಿ ಇರುವಾಗ ಹಳೇ ಮನೆ ಕೊಂಡವರಿಗೆ

ಹಳೇ ಮನೆ ಕೊಂಡ ತಕ್ಷಣ ಈಗಿನ ಹುಡುಗರು ಮೊದಲು ಮಾಡಿಸುವುದು ಅಡುಗೆಮನೆಗೆ ಥಳಥಳ ಕಪಾಟು. ಸೂರು ಸೋರುತ್ತಿರುತ್ತದೆ, ಬಚ್ಚಲ ನೀರು ಹಿಂದಕ್ಕೆ ಬರುತ್ತಿರುತ್ತದೆ, ಹೆಂಡತಿಗೆ ಆರು ತಿಂಗಳು ತುಂಬಿದೆ, ಇವನು ಫೋನಿನಲ್ಲಿ ಟೈಲ್ಸ್ ಆರಿಸುತ್ತಾ ಕೂತಿರುತ್ತಾನೆ. ನೋಡಿ ನೋಡಿ ಸಾಕಾಗಿದೆ ನನಗೆ.

ಬಸುರಿ ಇರುವಾಗ ಮನೆ ಕೆಲಸಕ್ಕೆ ಕೈ ಹಾಕಬಾರದು, ಗೃಹಪ್ರವೇಶ ಮಾಡಬಾರದು ಅಂತ ನಮ್ಮತ್ತೆ ಹೇಳುತ್ತಿದ್ದರು. ಶಾಸ್ತ್ರದ ಮಾತು ಹಾಗಿರಲಿ. ದೂಳು, ಪೇಂಟಿನ ವಾಸನೆ, ಮೇಸ್ತ್ರಿಯ ಸುಳ್ಳು, ಇವುಗಳಿಂದ ಹುಡುಗಿಯನ್ನು ದೂರ ಇಡುವುದಕ್ಕೆ ಅದಕ್ಕಿಂತ ಒಳ್ಳೇ ನೆಪ ಇಲ್ಲ. ಕೈಗೆಟುಕುವ ಮನೆ ಸಿಕ್ಕಾಗಲೇ ಕೊಳ್ಳಬೇಕು, ಅದನ್ನೂ ಒಪ್ಪುತ್ತೇನೆ. ಕೊಳ್ಳಿ, ಆದರೆ ಅವಳನ್ನು ತವರಿನಲ್ಲಿ ಬಿಟ್ಟು ಕೆಲಸ ಮಾಡಿಸಿ.

ಇ.ಸಿ. (ಮನೆ ಮೇಲೆ ಸಾಲ-ಋಣ ಇದೆಯೇ ಎಂದು ತೋರಿಸುವ ಪತ್ರ), ಖಾತಾ, ಮೂಲಪತ್ರ ಎಲ್ಲ ವಕೀಲರಿಗೆ ತೋರಿಸುವುದನ್ನು ನಾನೇನು ಹೇಳಿಕೊಡಬೇಕಾಗಿಲ್ಲ. ಮನೆಯನ್ನು ಮಾತ್ರ ಮಳೆ ಬಂದ ಮಾರನೇ ದಿನ ನೋಡಿ. ಮಾರ್ಚ್ ಬಿಸಿಲಲ್ಲಿ ಎಲ್ಲ ಮನೆಯೂ ಚೆಂದವೇ. ನಮ್ಮ ಮೈಸೂರಿನ ಅಗ್ರಹಾರ, ಚಾಮುಂಡಿಪುರಂ ಕಡೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಕೂರಿಸಿದ ಮದ್ರಾಸ್ ತಾರಸಿ, ಮಂಗಳೂರು ಹೆಂಚಿನ ಮನೆಗಳು ಇನ್ನೂ ಇವೆ. ಗೋಡೆ ಗಟ್ಟಿ, ಆದರೆ ಮೇಲಿನಿಂದ ನೀರು ಇಳಿದರೆ ತೊಲೆಗೆ ಗೆದ್ದಲು ಬಂತು ಅಂತಲೇ. ಕೋಲಿನಿಂದ ತೊಲೆ ಕುಟ್ಟಿ, ಟೊಳ್ಳು ಸದ್ದು ಬಂದರೆ ಬೆಲೆ ಇಳಿಸಿ ಅನ್ನಿ. ಒಂದೇ ಗೋಡೆಗೆ ಹೊಸ ಬಣ್ಣ ಕಂಡರೆ ಅಲ್ಲೇ ಅಂಗೈ ಒತ್ತಿ ನೋಡಿ, ಒಳಗೆ ತೇವ ಇದ್ದರೆ ತಂಪು ತಾಗುತ್ತದೆ. ಒಡೆದ ಹೆಂಚು ಬದಲಿಸುವಾಗ ಬೆನ್ನಿನ ಮೇಲಿರುವ ಕಾರ್ಖಾನೆಯ ಅಚ್ಚು ಓದಿ, ಅದೇ ಹುಡುಕಿ ತನ್ನಿ. ಬೇರೆಯದು ಸರಿಯಾಗಿ ಕಚ್ಚಿ ಕೂರುವುದಿಲ್ಲ, ಸೋರುವುದು ಅಲ್ಲೇ.

ಮೊದಲು ಸೂರು, ಆಮೇಲೆ ಬಚ್ಚಲು, ಆಮೇಲೆ ವೈರಿಂಗು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಗೀಜರ್ ಹಾಕಿ ಬಾಣಂತಿಗೆ ನೀರು ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಉಳಿದ ಕೋಣೆಗಳು ಕಾಯಲಿ, ಒಂದು ಕೋಣೆ ಸರಿಯಾದರೆ ಬಾಣಂತನ ನಡೆಯುತ್ತದೆ.

ಹಳೇ ಬಾಗಿಲು ಕಿಟಕಿಗೆ ಬಳಿದ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಆ ಹಳೇ ಬಣ್ಣವನ್ನು ಒದ್ದೆ ಮಾಡದೆ ಉಜ್ಜಿದರೆ ಆ ದೂಳು ತಾಯಿಯ ರಕ್ತಕ್ಕೆ ಸೇರಿ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಒದ್ದೆ ಮಾಡಿಯೇ ಕೆರೆಸಿ, ಒದ್ದೆ ಬಟ್ಟೆಯಿಂದಲೇ ಒರೆಸಿ, ಪೊರಕೆ ಮುಟ್ಟಬೇಡಿ. ಬಸುರಿ ಆ ಹೊತ್ತಿಗೆ ಮನೆಯಲ್ಲಿರಲೇಬಾರದು. ಗೆದ್ದಲ ಔಷಧಿ ಹೊಡೆಸುವಾಗಲೂ ಅಷ್ಟೇ.

ಇನ್ನು ಬಾಣಂತಿ ಕೋಣೆ. ಹಳೇ ಗಾರೆ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿಯುತ್ತಾರಲ್ಲ, ಒಳಗಿನ ತೇವ ಹೊರಗೆ ಬರಲಾರದೆ ವರ್ಷದೊಳಗೆ ಹಪ್ಪಳ ಏಳುತ್ತದೆ. ಸುಣ್ಣ ಬಳಿಯಿರಿ. ಪೊಟ್ಟಣದ ಪುಡಿ ಅಲ್ಲ, ಸುಟ್ಟ ಸುಣ್ಣದ ಕಲ್ಲು ತನ್ನಿ. ಅಂಗಳದಲ್ಲಿ ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು ತುಂಬಿ, ಆಮೇಲೆ ಒಂದೊಂದೇ ಕಲ್ಲು ಇಳಿಸಿ. ಕಲ್ಲಿನ ಮೇಲೆ ನೀರು ಸುರಿದಿರೋ, ಸಿಡಿದು ಕಣ್ಣಿಗೇ ಬರುತ್ತದೆ. ಕನ್ನಡಕ ಹಾಕಿಕೊಳ್ಳಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಗ್ಲೌಸ್ ತೊಡಿ. ಪ್ಲಾಸ್ಟಿಕ್ ಬಕೆಟ್ಟು ಬೇಡವೇ ಬೇಡ, ಆ ಕಾವಿಗೆ ಕರಗಿ ಕೂರುತ್ತದೆ. ಕೊತಕೊತ ಕುದಿಯುವುದು ನಿಂತ ಮೇಲೆ ಉದ್ದ ಕೋಲಿನಿಂದ ತಿರುವಿ, ಮುಚ್ಚಿ ಬಿಟ್ಟುಬಿಡಿ. ಒಂದು ವಾರ ನೆನೆದ ಸುಣ್ಣ ಬೆಣ್ಣೆ ಆಗುತ್ತದೆ. ಒಂದೇ ರಾತ್ರಿಗೆ ಬಳಿಯುವವರ ಗೋಡೆಯಲ್ಲಿ ಆಮೇಲೆ ಹರಳು ಸಿಡಿದು ಚುಕ್ಕಿ ಬೀಳುತ್ತದೆ.

ಆಮೇಲೆ ಹಳೇ ಪಂಚೆಯಲ್ಲಿ ಸೋಸಿ. ತೀರಾ ಹರಿದದ್ದನ್ನು ತೆಗೆದುಕೊಳ್ಳಿ, ಮೆತ್ತಗಿರುವ ಪಂಚೆಗಳೆಲ್ಲ ಮಗುವಿಗೆ ಬೇಕು. ಅವನ್ನು ಬಿಸಿನೀರಲ್ಲಿ ಒಗೆದು ಉರಿಬಿಸಿಲಿಗೆ ಹಾಕಿ. ಈಗ ಬಟ್ಟೆಗೆ ಘಮಘಮ ಅನ್ನೋ ದ್ರವ ಹಾಕುತ್ತಾರೆ, ಹಸುಗೂಸಿಗೆ ಯಾಕೆ ಅದು?

ಸೋಸಿದ ಸುಣ್ಣಕ್ಕೆ ಗಂಜಿ ಸೇರಿಸಿ, ಬೆರಳಿಗೆ ಚೂರು ಅಂಟು ಅನ್ನಿಸುವಷ್ಟು. ಕೆಲವರು ಉಪ್ಪು ಹಾಕುತ್ತಾರೆ, ನಾನು ಹಾಕುವುದಿಲ್ಲ, ಅದು ತೇವ ಎಳೆಯುತ್ತದೆ. ಬಟ್ಟೆಗೆ ಹಾಕುವ ನೀಲಿ ಚಿಟಿಕೆ ಹಾಕಿದರೆ ಬಿಳುಪು ಎದ್ದು ಬರುತ್ತದೆ. ಗ್ಲೌಸ್ ತೊಟ್ಟ ಬೆರಳು ಅದ್ದಿ ಎತ್ತಿದರೆ ಗ್ಲೌಸಿನ ಬಣ್ಣ ಮಸುಕಾಗಿ ಕಾಣಬೇಕು. ಪೂರಾ ಮುಚ್ಚಿಹೋದರೆ ಗಟ್ಟಿಯಾಯಿತು, ನೀರು ಹಾಕಿ. ನಮ್ಮಪ್ಪ ಯುಗಾದಿಗೆ ಮುಂಚೆ ಬರಿ ಬೆರಳಲ್ಲೇ ಉಗುರು ನೋಡಿ ಹೀಗೆ ಪರೀಕ್ಷೆ ಮಾಡಿ, ಹದ ಬರುವ ತನಕ ಯಾರಿಗೂ ಬ್ರಷ್ ಕೊಡುತ್ತಿರಲಿಲ್ಲ.

ಹಳೇ ಪೇಂಟ್ ಪೂರ್ತಿ ಕೆರೆಸಿ, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಬಳಿಯಿರಿ. ಮೊದಲ ಕೈ ಮೇಲಿಂದ ಕೆಳಗೆ, ಮಾರನೇ ದಿನ ಅಡ್ಡಡ್ಡ, ಮತ್ತೆ ಮೇಲಿಂದ ಕೆಳಗೆ. ಹಸಿ ಇರುವಾಗ ಏನೂ ಬಳಿದೇ ಇಲ್ಲವೇನೋ ಅನ್ನಿಸುತ್ತದೆ. ಸುಮ್ನೆ ಗಾಬರಿಯಾಗಿ ಇನ್ನಷ್ಟು ಮೆತ್ತಬೇಡಿ, ಒಣಗಿದಂತೆ ಬಿಳುಪು ತಾನೇ ಬರುತ್ತದೆ. ಇದೆಲ್ಲ ಹೆರಿಗೆಗೆ ಎರಡು ತಿಂಗಳು ಮುಂಚೆಯೇ ಮುಗಿದಿರಲಿ.

ಉಳಿದ ಸುಣ್ಣ ಚೆಲ್ಲಬೇಡಿ. ಮೇಲೆ ಒಂದು ಗೇಣು ನೀರು ನಿಲ್ಲಿಸಿ, ಬಿಗಿಯಾಗಿ ಮುಚ್ಚಿ, ಬೀಗ ಹಾಕುವ ಕಡೆ ಇಡಿ. ಮುಂದಿನ ವರ್ಷ ಬಳಿಯುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಾ ಎಲ್ಲದಕ್ಕೂ ಕೈ ಹಾಕುತ್ತಿರುತ್ತದೆ.