ಪೈಪ್ ಹಾಕುವ ಮೊದಲು ಕೈಯಿಟ್ಟು ನೋಡುತ್ತೇನೆ

ಹಾಸನದ ನನ್ನ ಒಪಿಡಿಗೆ (ಹೊರರೋಗಿ ವಿಭಾಗಕ್ಕೆ) ಅರಕಲಗೂಡು, ಸಕಲೇಶಪುರದ ಕಡೆಯಿಂದ ‘ಉಚ್ಚೆ ಕಟ್ಕಂಡದೆ ಸಾರ್, ಒಂದ್ಸಲ ಪೈಪ್ ಹಾಕ್ಬಿಡಿ’ ಅಂತ ಬರುವವರಿಗೆ ಬರವಿಲ್ಲ. ಬಹುಪಾಲು ಬರೀ ಸ್ಟ್ರಿಕ್ಚರ್, ಅಂದರೆ ಗಾಯದ ಕಲೆಯಿಂದ ಮೂತ್ರ ಹೊರಬರುವ ನಾಳ ಕಿರಿದಾಗಿರುವುದು. ಮೂತ್ರದ್ವಾರದ, ಅಂದರೆ ಇದೇ ನಾಳದ, ಕ್ಯಾನ್ಸರ್ ತೀರಾ ಅಪರೂಪ, ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ. 1ಕ್ಕೂ ಕಡಿಮೆ. ಆದರೆ ಬಂದಾಗ ಸ್ಟ್ರಿಕ್ಚರ್ ವೇಷದಲ್ಲೇ ಬರುತ್ತದೆ. ಗಂಡಸರಲ್ಲಿ ಸುಮಾರು ಶೇ. 60ರಷ್ಟು ಗಡ್ಡೆಗಳು ಏಳುವುದು ವೃಷಣಕ್ಕೂ ಗುದಕ್ಕೂ ನಡುವೆ, ಒಳಗಿನ ನಾಳದಲ್ಲಿ. ಸ್ಟ್ರಿಕ್ಚರ್‌ಗೂ ಅದೇ ಜಾಗ ಇಷ್ಟ.

ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು, ವರ್ಷಗಟ್ಟಲೆ ಡೈಲಟೇಷನ್ (ಕಿರಿದಾದ ನಾಳ ಹಿಗ್ಗಿಸುವುದು) ಮಾಡಿಸಿಕೊಂಡವರು. ‘ಈಗೀಗ ರಕ್ತ ಬರ್ತದೆ’ ಅಂದರು. ಕಾಲು ಮಡಿಸಿ ಮಲಗಿಸಿ, ಶಿಶ್ನದ ತುದಿಯಿಂದ ನಾಳದುದ್ದಕ್ಕೂ ಬೆರಳಾಡಿಸುತ್ತಾ ಹಿಂದಕ್ಕೆ ಹೋದೆ. ಹಳೇ ಗಾಯದ ಕಲೆ ಸಣ್ಣ ಹುರಿಯಂತೆ ಸಿಗುತ್ತದೆ. ಇಲ್ಲಿ ಸಿಕ್ಕಿದ್ದು ಉಬ್ಬುತಗ್ಗಾದ, ಅಲುಗದ ಗಟ್ಟಿ ಗಡ್ಡೆ. ಒತ್ತಿದಾಗ ದ್ವಾರದಲ್ಲಿ ರಕ್ತ ಜಿನುಗಿತು. ಗುದದೊಳಗೆ ಬೆರಳಿಟ್ಟು ಪ್ರಾಸ್ಟೇಟ್ ನೋಡದೆ ಈ ಪರೀಕ್ಷೆ ಮುಗಿಯುವುದಿಲ್ಲ, ಎಷ್ಟೇ ಸಂಕೋಚಪಟ್ಟರೂ.

ಆಮೇಲೆ ತೊಡೆಸಂದು. ತೋಟದಲ್ಲಿ ಓಡಾಡುವವರಿಗೆ ಜಿಗಣೆ ಕಚ್ಚಿ, ಕೆರೆದು, ಕಾಲು ಹುಣ್ಣಾಗಿ ಅಲ್ಲಿ ಗಂಟು ಏಳುವುದು ಮಾಮೂಲು. ಶಿಶ್ನದ ಕ್ಯಾನ್ಸರ್‌ನಲ್ಲೂ ಕೆಲವರ ಗಂಟು ಬರೀ ಸೋಂಕಿನದ್ದಾಗಿರುತ್ತದೆ. ಮೂತ್ರದ್ವಾರದ ಕ್ಯಾನ್ಸರ್‌ನಲ್ಲಿ ಆ ಭರವಸೆ ಬೇಡ: ಕೈಗೆ ಗಂಟು ಸಿಕ್ಕರೆ ಸಾಮಾನ್ಯವಾಗಿ ರೋಗ ಅಲ್ಲಿಗೆ ಹರಡಿದೆ ಅಂತಲೇ. ಹಾಗಂತ ಗಂಟಿಲ್ಲ ಅಂದರೆ ನಿಶ್ಚಿಂತೆಯೂ ಅಲ್ಲ. ನಾಳದ ಮುಂಭಾಗದ ಗಡ್ಡೆ ತೊಡೆಸಂದಿಗೆ ಹರಡಿದರೆ, ಒಳಭಾಗದ್ದು ಹೆಚ್ಚಾಗಿ ಸೊಂಟದೊಳಗಿನ ಗ್ರಂಥಿಗಳಿಗೆ ಹೋಗುತ್ತದೆ. ಅಲ್ಲಿಗೆ ಬೆರಳು ಮುಟ್ಟುವುದಿಲ್ಲ, ಸ್ಕ್ಯಾನೇ ಬೇಕು. ರೈಟರ್‌ಗೆ ಎಂಆರ್‌ಐ ಮಾಡಿಸಿ, ಅರಿವಳಿಕೆ ಕೊಟ್ಟು, ಸಿಸ್ಟೋಸ್ಕೋಪಿಯಲ್ಲಿ (ನಾಳದೊಳಗೆ ದುರ್ಬೀನು ಹಾಕಿ) ಪರೀಕ್ಷೆಗೆ ಚೂರು ಮಾಂಸ, ಅಂದರೆ ಬಯಾಪ್ಸಿ, ತೆಗೆದು, ಸ್ಕ್ವಾಮಸ್ ಬಗೆಯ ಕ್ಯಾನ್ಸರ್ ಅಂತ ವರದಿ ಬಂದ ಮೇಲೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದೆ.

ವೃಷಣಕ್ಕೂ ಗುದಕ್ಕೂ ನಡುವಿನ ಆ ಜಾಗದಲ್ಲೇ ಕೀವುಗಟ್ಟಿ, ಕೊಯ್ದು ತೆಗೆದರೂ ಮಾಯದೆ ಮೂತ್ರ ಸೋರುತ್ತಿದ್ದರೆ ಅಂಚಿನ ಒಂದು ಚೂರು ಬಯಾಪ್ಸಿಗೆ ಹೋಗಲೇಬೇಕು. ಆಂಟಿಬಯಾಟಿಕ್ ಬದಲಿಸುತ್ತಾ ಕೂರುವುದು ನನಗೆ ಒಪ್ಪಿಗೆಯಿಲ್ಲ.

ಹೆಂಗಸರು ತೋರಿಸಿಕೊಳ್ಳಲು ಬರುವುದೇ ತಡವಾಗಿ. ಮುಟ್ಟು ನಿಂತವರಲ್ಲಿ ದ್ವಾರದ ಬಾಯಲ್ಲಿ ಮೆತ್ತಗಿನ ಕೆಂಪು ಮಾಂಸ ಕಾಣಿಸಿದರೆ ಸಾಮಾನ್ಯವಾಗಿ ಅದು ಕ್ಯಾರಂಕಲ್ ಅನ್ನುವ ಸಣ್ಣ ಬೆಳವಣಿಗೆ, ನಿರಪಾಯ. ಅದು ಗಟ್ಟಿಯಾಗಿದ್ದರೆ, ಬೆಳೆಯುತ್ತಿದ್ದರೆ, ಕ್ರೀಮ್ ಹಚ್ಚಿದರೂ ಕರಗದಿದ್ದರೆ ಬಯಾಪ್ಸಿ. ಸಿಸ್ಟರ್ ಪಕ್ಕದಲ್ಲಿ ನಿಂತಿರುವಾಗಲೇ ಯೋನಿಯ ಮುಂಗೋಡೆಯನ್ನೂ ಬೆರಳಿನಿಂದ ಒತ್ತಿ ನೋಡುತ್ತೇನೆ. ನಾಳದ ಪಕ್ಕದ ಚೀಲದಲ್ಲಿ ಬೆಳೆದ ಗಡ್ಡೆ ಹೊರಗೆ ಕಾಣುವುದಿಲ್ಲ, ಅಲ್ಲೇ ಸಿಗುತ್ತದೆ.